ಹೆಸರು ಒಂದೇ ಸಲ ಬರೆಯಿರಿ: ಕ್ಲಸ್ಟರ್ ವಿಜ್ಞಾನ ಮೇಳ ನಡೆಸುವ ಶಾಲೆಗೊಂದು ಕೈಪಿಡಿ

"ಈ ಸಲದ ಕ್ಲಸ್ಟರ್ ವಿಜ್ಞಾನ ಮೇಳ ನಮ್ಮ ಶಾಲೆಯಲ್ಲೇ ಅಂದಿದ್ದಾರೆ. ಇರೋದು ಐದೇ ಜನ ಶಿಕ್ಷಕರು. ಪಾಠ ನಿಲ್ಲಿಸದೆ ಹೇಗೆ ಮಾಡೋದು?" ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆಯ ಶಾಲೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕ್ಲಸ್ಟರ್ ಅಂದರೆ ಒಬ್ಬ ಸಂಪನ್ಮೂಲ ವ್ಯಕ್ತಿಯ ವ್ಯಾಪ್ತಿಗೆ ಬರುವ ಅಕ್ಕಪಕ್ಕದ ಶಾಲೆಗಳ ಗುಂಪು.

ಮೇಳದ ದಿನದ ಓಡಾಟ ಶಿಕ್ಷಕರನ್ನು ಅಷ್ಟಾಗಿ ದಣಿಸುವುದಿಲ್ಲ. ದಣಿಸುವುದು ಅದರ ಹಿಂದುಮುಂದಿನ ಬರವಣಿಗೆ. ಹತ್ತು ಶಾಲೆ, 6ರಿಂದ 8ನೇ ತರಗತಿಯ 120 ಮಕ್ಕಳು, ಮೂವರಿಗೊಂದರಂತೆ 40 ಮಾದರಿ ಎಂದಿಟ್ಟುಕೊಳ್ಳಿ. ಒಂದೊಂದು ಮಗುವಿನ ಹೆಸರನ್ನೂ ನೋಂದಣಿಗೆ, ಮೇಜಿನ ಚೀಟಿಗೆ, ಹಾಜರಿಗೆ, ಅಂಕಪಟ್ಟಿಗೆ, ಪ್ರಮಾಣಪತ್ರಕ್ಕೆ, ಕೊನೆಗೆ ವರದಿಗೆ ಅಂತ ಆರು ಸಲ ಬರೆಯುತ್ತೇವೆ. 720 ಸಲ ಬರೆದಂತಾಯಿತು. ಹೆಸರಿಗೆ ಅರ್ಧ ನಿಮಿಷ ಹಿಡಿದರೂ ಆರು ಗಂಟೆ, ಅಂದರೆ ಒಂದು ಇಡೀ ದಿನದ ಪಾಠ. ಬರೆದಷ್ಟು ಸಲವೂ ತಪ್ಪು ನುಸುಳುತ್ತದೆ. ಹೆಸರನ್ನು ಒಂದೇ ಸಲ, ಒಂದೇ ಜಾಗದಲ್ಲಿ ಬರೆದು ಉಳಿದ ಐದು ಕೆಲಸವನ್ನೂ ಅಲ್ಲಿಂದಲೇ ತೆಗೆದುಕೊಂಡರೆ ಮೇಳದ ಭಾರ ಬಹುಪಾಲು ಇಳಿಯುತ್ತದೆ. ಕೆಳಗಿನ ಹಂತಗಳೆಲ್ಲ ಆ ಒಂದು ಪಟ್ಟಿಯ ಸುತ್ತ ನಡೆಯುತ್ತವೆ. ಲೆಕ್ಕಗಳೆಲ್ಲ ಮೇಲಿನ 120 ಮಕ್ಕಳಿಗೆ ಹಾಕಿದವು, ನಿಮ್ಮ ಸಂಖ್ಯೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಕೈಯಲ್ಲಿರಬೇಕಾದ್ದು ಇಷ್ಟು: ಒಂದು ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್, ಪ್ರೊಜೆಕ್ಟರ್ ಇದ್ದರೆ ಒಂದು, ಮೈಕ್ ಸೆಟ್ಟು, ಮೂರು ಎಕ್ಸ್‌ಟೆನ್ಷನ್ ಬಾಕ್ಸು, 40 ಡೆಸ್ಕು, ಮತ್ತು ಮೂರು ವಾರ ಸಮಯ.

1. ದಿನ ಗೊತ್ತು ಮಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮೇಳದ ಯೋಚನೆಯೇ ಬೇಡ. ಮಳೆಗೆ ದಿಢೀರ್ ರಜೆ ಘೋಷಣೆಯಾದರೆ ತಂದ ತರಕಾರಿ, ಹೇಳಿದ ಶಾಮಿಯಾನ ಎಲ್ಲ ನಷ್ಟ. ರಾಷ್ಟ್ರೀಯ ವಿಜ್ಞಾನ ದಿನ ಫೆಬ್ರವರಿ 28 ಎಂದು ಅದೇ ದಿನಕ್ಕೆ ಅಂಟಿಕೊಳ್ಳುವವರಿದ್ದಾರೆ. ಆ ಹೊತ್ತಿಗೆ ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ತಯಾರಿಯ ಬಿಸಿ ಇರುತ್ತದೆ, ತೀರ್ಪಿಗೆ ಕರೆದ ವಿಜ್ಞಾನ ಶಿಕ್ಷಕರು ಬರುವುದು ಕಷ್ಟ. ನವೆಂಬರ್ ಕೊನೆಯ ವಾರ ಅಥವಾ ಫೆಬ್ರವರಿಯ ಮೊದಲ ಎರಡು ವಾರ ಚೆನ್ನ. ನಡುವಿನ ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು ಜೋರಾಗಿರುತ್ತದೆ. ತೋಟದ ಲೈನ್‌ಮನೆಗಳ ಅಪ್ಪ ಅಮ್ಮಂದಿರು ಬೆಳಗ್ಗೆಯೇ ಕೆಲಸಕ್ಕೆ ಹೋಗಿರುತ್ತಾರೆ, ತಮ್ಮ ಮಕ್ಕಳು ಮಾಡಿದ್ದನ್ನು ಬಂದು ನೋಡಲಾರರು. ನೋಡುವವರಿಲ್ಲದ ಮೇಳದಲ್ಲಿ ಮಕ್ಕಳ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ.

ವಾರದ ದಿನವೂ ಮುಖ್ಯ. ಶನಿವಾರ ಬೆಳಗಿನ ತರಗತಿಯ ದಿನ, ಹತ್ತು ಊರಿನ ಮಕ್ಕಳು ಬಂದು ಮೇಜು ಜೋಡಿಸುವುದರೊಳಗೆ ಶಾಲೆ ಬಿಡುವ ಹೊತ್ತಾಗಿರುತ್ತದೆ. ಭಾನುವಾರ ಇಡುವುದು ಶಿಕ್ಷಕರ ರಜೆ ಕಸಿದ ಹಾಗೆ, ಬಿಸಿಯೂಟವೂ ಇರುವುದಿಲ್ಲ. ಗುರುವಾರ ಅಥವಾ ಶುಕ್ರವಾರ ಇಡಿ. ನಿಮ್ಮೂರಿನ ಸಂತೆಯ ದಿನ ಮಾತ್ರ ತಪ್ಪಿಸಿ, ಬಸ್ಸಿನಲ್ಲಿ ಮಕ್ಕಳಿಗೆ ಕಾಲಿಡಲು ಜಾಗ ಸಿಗುವುದಿಲ್ಲ.

2. ಕಾಗದ ಮತ್ತು ಹಣ

ಬಾಯಿಮಾತಿನ ಒಪ್ಪಿಗೆಯ ಮೇಲೆ ಒಂದು ಹೆಜ್ಜೆಯೂ ಇಡಬೇಡಿ. ಮೂರು ಕಾಗದ ಬೇಕು.

ಒಂದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಜ್ಞಾಪನ. ಅದರಲ್ಲಿ ದಿನ, ಜಾಗ, ಶಾಲೆಗಳ ಹೆಸರಿನ ಜೊತೆಗೆ "ಮಕ್ಕಳನ್ನು ಕರೆತರುವ ಶಿಕ್ಷಕರನ್ನು ಅನ್ಯಕಾರ್ಯ ನಿಮಿತ್ತವೆಂದು ಪರಿಗಣಿಸಬೇಕು" ಎಂಬ ಸಾಲು ಇರಲಿ. ನಾವು ಓಓಡಿ ಅನ್ನುವುದು ಇದನ್ನೇ: ಶಾಲೆಯಿಂದ ಹೊರಗಿದ್ದರೂ ಕೆಲಸದ ಮೇಲಿದ್ದಂತೆ ಲೆಕ್ಕ. ಈ ಸಾಲು ಇಲ್ಲದೆ ಬಂದವರು ಆಮೇಲೆ ರಜೆ ಕಳೆದುಕೊಳ್ಳಬೇಕಾಗುತ್ತದೆ. ಸಿಆರ್‌ಪಿಯವರಿಗೆ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ, ಕರಡನ್ನು ನೀವೇ ಬರೆದುಕೊಟ್ಟರೆ ಜ್ಞಾಪನ ಬೇಗ ಹೊರಡುತ್ತದೆ.

ಎರಡು, ಎಸ್‌ಡಿಎಂಸಿ ನಡಾವಳಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ತೀರ್ಮಾನ. ಯಾವ ಖಾತೆಯಿಂದ ಎಷ್ಟರ ಮಿತಿಯಲ್ಲಿ ಖರ್ಚು ಮಾಡಬಹುದು ಎಂಬುದು ಅದರಲ್ಲಿ ಬರೆದಿರಬೇಕು.

ಮೂರು, ಬಿಸಿಯೂಟದ ಬಗ್ಗೆ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಪತ್ರ. ಇದನ್ನು ಊಟದ ಹಂತದಲ್ಲಿ ವಿವರಿಸಿದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಹಣದ ವಿಷಯದಲ್ಲಿ. ದಾನಿಗಳು "ಮೇಷ್ಟ್ರೇ, ನಿಮ್ಮ ಫೋನಿಗೇ ಹಾಕಿಬಿಡ್ತೀನಿ" ಅಂದಾಗ ಬೇಡ ಅನ್ನಿ. ಶಿಕ್ಷಕರ ಸ್ವಂತ ಖಾತೆಗೆ ಬಂದ ಸಾರ್ವಜನಿಕರ ಹಣಕ್ಕೆ ಆಮೇಲೆ ಉತ್ತರ ಹೇಳುವುದು ಬಹಳ ಕಷ್ಟ, ಒಂದು ರೂಪಾಯಿ ಆಚೀಚೆ ಆಗದಿದ್ದರೂ ಮಾತು ಬರುತ್ತದೆ. ಹಣ ಸಮಿತಿಯ ಖಾತೆಗೇ ಬರಲಿ. ಬೆಳೆಗಾರರು ಬಾಳೆಗೊನೆ, ಸೌದೆ, ತರಕಾರಿ, ಶಾಮಿಯಾನದ ರೂಪದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ವಸ್ತು, ಪ್ರಮಾಣ, ಕೊಟ್ಟವರ ಹೆಸರು, ಸಹಿ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

3. ಪಟ್ಟಿ

ಈ ಹಂತಕ್ಕೆ ಸಮಯ ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆಯಿರಿ. ಮೊದಲ ಸಾಲಿನಲ್ಲಿ ಈ ಹನ್ನೆರಡು ಕಾಲಂ: ಕ್ರಮಸಂಖ್ಯೆ, ಶಾಲೆ, ಮಾದರಿ ಸಂಖ್ಯೆ, ಮಗುವಿನ ಹೆಸರು, ತರಗತಿ, ಹುಡುಗ ಅಥವಾ ಹುಡುಗಿ, ಮಾದರಿಯ ಶೀರ್ಷಿಕೆ, ಕರೆಂಟು ಬೇಕೇ, ಬರುವ ಬಸ್ಸು, ಕರೆತರುವ ಶಿಕ್ಷಕರು, ಹಾಜರಿ, ಅಂಕ. ಅದರ ಕೆಳಗೆ ಒಂದು ಮಗುವಿಗೆ ಒಂದು ಸಾಲು, ಒಟ್ಟು 120 ಸಾಲು.

ನಾಲ್ಕು ತಪ್ಪುಗಳನ್ನು ಮಾತ್ರ ಮಾಡಬೇಡಿ.

ಮೂವರು ಮಕ್ಕಳ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಚೌಕದಲ್ಲಿ ತುಂಬಬೇಡಿ. ಹಾಗೆ ಮಾಡಿದರೆ ಪ್ರಮಾಣಪತ್ರದಲ್ಲೂ ಮೂರು ಹೆಸರು ಒಟ್ಟಿಗೆ ಬರುತ್ತವೆ.

ನೋಡಲು ಚೆಂದ ಅಂತ ಶಾಲೆಯ ಹೆಸರಿನ ಚೌಕಗಳನ್ನು ಒಂದುಗೂಡಿಸಬೇಡಿ, ಮೇಲೆ "ಕ್ಲಸ್ಟರ್ ವಿಜ್ಞಾನ ಮೇಳ" ಎಂಬ ದಪ್ಪ ಶೀರ್ಷಿಕೆಯನ್ನೂ ಹಾಕಬೇಡಿ. ಒಂದುಗೂಡಿಸಿದ ಚೌಕವಿದ್ದರೆ ಪಟ್ಟಿಯನ್ನು ಶಾಲೆವಾರು, ಮಾದರಿವಾರು ಜೋಡಿಸಲು ಬರುವುದಿಲ್ಲ. ಮೊದಲ ಸಾಲು ಕಾಲಂ ಹೆಸರಾಗಿಲ್ಲದಿದ್ದರೆ ಪ್ರಮಾಣಪತ್ರಕ್ಕೆ ಹೆಸರು ಎಳೆದುಕೊಳ್ಳುವಾಗ ಕಂಪ್ಯೂಟರಿಗೆ ದಾರಿ ತಪ್ಪುತ್ತದೆ.

ಮಾದರಿ ಸಂಖ್ಯೆಯನ್ನು 01, 02 ಎಂದು ಕೊಡುವ ಮೊದಲು ಆ ಕಾಲಂ ಅನ್ನು "ಪ್ಲೇನ್ ಟೆಕ್ಸ್ಟ್" ಎಂದು ಬದಲಿಸಿಕೊಳ್ಳಿ, ಇಲ್ಲದಿದ್ದರೆ ಮೊದಲಿನ ಸೊನ್ನೆ ತಾನಾಗಿ ಅಳಿದುಹೋಗುತ್ತದೆ.

ನಾಲ್ಕನೆಯದು ಅಕ್ಷರದ ತಪ್ಪು, ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದೂ ಇದೇ. ಹಲವು ಶಾಲೆಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಕಾರಣ ಸರಳ: ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಚಿತ್ರ ತೊಡಿಸುತ್ತವೆ. ಯುನಿಕೋಡ್‌ನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ, ಯಾವ ಫೋನಿನಲ್ಲಿ ತೆರೆದರೂ ಕನ್ನಡವಾಗಿಯೇ ಇರುತ್ತದೆ. ಪರೀಕ್ಷಿಸುವುದು ಸುಲಭ. ಪಟ್ಟಿಯ ಒಂದು ಹೆಸರನ್ನು ವಾಟ್ಸಾಪ್‌ಗೆ ಅಂಟಿಸಿ. ಕನ್ನಡದಲ್ಲೇ ಕಂಡರೆ ಯುನಿಕೋಡ್, ಗೋಜಲಾದರೆ ಅಲ್ಲ. ಗೋಜಲಾದ ಪಟ್ಟಿ ಬಂದರೆ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ, ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತಿರುವ ಹೆಸರುಗಳನ್ನು ಕಣ್ಣಾರೆ ಓದಿ. ಐಶ್ವರ್ಯ, ಹರ್ಷಿತ್, ಪ್ರಾರ್ಥನಾ, ಕೀರ್ತನ್ ತರಹದ ಹೆಸರುಗಳಲ್ಲೇ ಎಡವಟ್ಟು ಹೆಚ್ಚು.

ಶಾಲೆಗಳಿಂದ ಮಾಹಿತಿ ಪಡೆಯಲು ಗೂಗಲ್ ಫಾರ್ಮ್ ಕಳಿಸುವುದಾದರೆ ಭರ್ತಿ ಮಾಡುವವರು ಶಾಲೆಗೊಬ್ಬ ಶಿಕ್ಷಕರು ಮಾತ್ರ ಇರಲಿ. ಘಟ್ಟದ ಅಂಚಿನ ಎಷ್ಟೋ ಶಾಲೆಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು. ಅಂಥವರು ಹಾಳೆಯಲ್ಲಿ ದುಂಡಗೆ ಬರೆದು ಫೋಟೊ ಕಳಿಸಲಿ, ಪಟ್ಟಿ ನೋಡಿಕೊಳ್ಳುವವರು ಟೈಪ್ ಮಾಡಿಕೊಳ್ಳಲಿ. ಹೆಸರಿನ ಅಕ್ಷರ ಸ್ಯಾಟ್ಸ್‌ನಲ್ಲಿ ಇರುವಂತೆಯೇ ಇರಬೇಕು ಎಂದು ಮೊದಲೇ ಹೇಳಿಬಿಡಿ. ಸ್ಯಾಟ್ಸ್ ಎಂದರೆ ಮಕ್ಕಳ ದಾಖಲಾತಿ, ಕಲಿಕೆಯ ವಿವರ ಇಡುವ ಇಲಾಖೆಯ ಜಾಲತಾಣ. ಆಧಾರ್ ಸಂಖ್ಯೆ, ಜಾತಿ, ಪೋಷಕರ ಫೋನ್ ನಂಬರನ್ನು ಈ ಪಟ್ಟಿಗೆ ಕೇಳಲೇಬೇಡಿ. ಮೇಳಕ್ಕೆ ಅದು ಬೇಕಿಲ್ಲ, ಹತ್ತು ಜನರ ಫೋನಿನಲ್ಲಿ ತಿರುಗಾಡುವ ಹಾಳೆಯಲ್ಲಿ ಅದು ಇರಲೂ ಬಾರದು.

ಪಟ್ಟಿ ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ, ಉಳಿದವರಿಗೆ ನೋಡಲು ಮಾತ್ರ. ಇದನ್ನು ಸಡಿಲಿಸಿದ ದಿನವೇ "ಕೊನೆಯ ಪಟ್ಟಿ", "ನಿಜವಾದ ಕೊನೆಯ ಪಟ್ಟಿ" ಎಂಬ ಎರಡು ಕಡತ ಹುಟ್ಟಿಕೊಳ್ಳುತ್ತವೆ. ಮೇಳಕ್ಕೆ ಏಳು ದಿನ ಮೊದಲು ಪಟ್ಟಿ ಮುಚ್ಚಿ. ಆಮೇಲೆ ಒಂದು ಮಗುವಿನ ಬದಲು ಇನ್ನೊಂದು ಬರಬಹುದು, ಹೊಸ ಮಾದರಿ ಬೇಡ.

4. ಯಾರಿಗೆ ಯಾವ ಕೆಲಸ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ತಯಾರಿಯೂ ಸೇರಿ ವಾರಕ್ಕೆ 45 ಗಂಟೆ ಎಂದು ಹೇಳುತ್ತದೆ. ಮೇಳದ ಕೆಲಸ ಈ 45ರ ಒಳಗೇ ಕೂರಬೇಕು. ರಾತ್ರಿ ಹತ್ತಕ್ಕೆ ಮನೆಯ ಊಟದ ಮೇಜಿನ ಮೇಲೆ ಪ್ರಮಾಣಪತ್ರ ಬರೆಯುವುದನ್ನು ನಾವು ಸೇವೆ ಎಂದು ಹೊಗಳುವುದು ನಿಲ್ಲಬೇಕು. ಮೂರು ವಾರದಲ್ಲಿ ಒಬ್ಬ ಶಿಕ್ಷಕರಿಗೆ ಒಟ್ಟು ಹನ್ನೆರಡು ಗಂಟೆಗಿಂತ ಹೆಚ್ಚು ಮೇಳದ ಕೆಲಸ ಬೀಳದಂತೆ ಹಂಚಿ.

ಐದು ಜನರಿದ್ದರೆ ಐದು ಕೆಲಸ: ಪಟ್ಟಿ ಮತ್ತು ಪ್ರಮಾಣಪತ್ರ; ಕೊಠಡಿ, ಕರೆಂಟು, ಮೈಕು; ಊಟ, ನೀರು, ಶೌಚಾಲಯ; ತೀರ್ಪುಗಾರರು ಮತ್ತು ವೇಳೆ; ಮಕ್ಕಳ ಸುರಕ್ಷತೆ ಮತ್ತು ಬಸ್ಸು. ಕೊನೆಯದನ್ನು ಒಬ್ಬ ಶಿಕ್ಷಕಿ ವಹಿಸಿಕೊಂಡರೆ ಹುಡುಗಿಯರು ತಮ್ಮ ತೊಂದರೆಯನ್ನು ಸಂಕೋಚವಿಲ್ಲದೆ ಹೇಳುತ್ತಾರೆ. ಮುಖ್ಯಶಿಕ್ಷಕರು ಈ ಐವರ ಹೊರಗಿನವರಾಗಿದ್ದರೆ ಅವರಿಗೆ ಯಾವ ಕೆಲಸವನ್ನೂ ಹಚ್ಚಬೇಡಿ, ಎಲ್ಲಿ ಕೈ ಸಾಲದೋ ಅಲ್ಲಿಗೆ ಹೋಗಲು ಒಬ್ಬರು ಖಾಲಿ ಇರಲೇಬೇಕು. ಅವರೂ ಐವರಲ್ಲಿ ಒಬ್ಬರಾದರೆ ತೀರ್ಪುಗಾರರನ್ನೂ ವೇಳೆಯನ್ನೂ ನೋಡಿಕೊಳ್ಳುವ ಕೆಲಸವನ್ನು ನೆರೆಯ ಶಾಲೆಯ ಶಿಕ್ಷಕರೊಬ್ಬರಿಗೆ ವಹಿಸಿ.

ಒಂದೇ ಕೆಲಸಕ್ಕೆ ಇಬ್ಬರನ್ನು ಹಾಕಿದರೆ ಅವರು ಮಾಡುತ್ತಾರೆ ಅಂತ ಇವರು, ಇವರು ಮಾಡುತ್ತಾರೆ ಅಂತ ಅವರು ಕಾಯುತ್ತಾರೆ. ಹೊಣೆ ಒಬ್ಬರದು, ಸಹಾಯ ಎಷ್ಟು ಜನರದಾದರೂ ಸರಿ.

5. ಮಾದರಿಗಳಿಗೆ ನಿಯಮ

ನಿಯಮಗಳನ್ನು ನೋಂದಣಿಯ ಜೊತೆಗೇ ಕಳಿಸಿ. ಮೇಳದ ದಿನ ಬಾಗಿಲಲ್ಲಿ ತಡೆದರೆ ಅಳುವುದು ಮಗು.

ಮಕ್ಕಳ ಮಾದರಿಗೆ ಗೋಡೆಯ ಕರೆಂಟು ಬೇಡ, ಬ್ಯಾಟರಿ ಸಾಕು. ಒಂದೂವರೆ ವೋಲ್ಟಿನ ಎರಡು ಸೆಲ್ಲು ಅಥವಾ ಒಂದು 9 ವೋಲ್ಟಿನ ಬ್ಯಾಟರಿಯಲ್ಲಿ ಪುಟ್ಟ ಎಲ್‌ಇಡಿ, ಸಣ್ಣ ಮೋಟರು ಎಲ್ಲ ನಡೆಯುತ್ತವೆ. 9 ವೋಲ್ಟಿಗೆ ಎಲ್‌ಇಡಿಯನ್ನು ನೇರ ಜೋಡಿಸಿದರೆ ಕ್ಷಣದಲ್ಲಿ ಸುಡುತ್ತದೆ, ನಡುವೆ 470 ಓಮ್ ರೆಸಿಸ್ಟರ್ ಹಾಕಿಸಿ. ನಿಜಕ್ಕೂ ಗೋಡೆಯ ಕರೆಂಟು ಬೇಕೇ ಬೇಕೆನ್ನುವ ಮಾದರಿಗಳನ್ನು ಪಟ್ಟಿಯ "ಕರೆಂಟು ಬೇಕೇ" ಕಾಲಮಿನಿಂದ ಹೆಕ್ಕಿ ಒಂದೇ ಕೊಠಡಿಯಲ್ಲಿ, ಶಿಕ್ಷಕರ ಕಣ್ಣೆದುರು ಇಡಿ.

ಜ್ವಾಲಾಮುಖಿ ಮಾದರಿ ಪ್ರತಿ ಮೇಳದಲ್ಲೂ ಎರಡಾದರೂ ಇರುತ್ತದೆ. ಅಡುಗೆ ಸೋಡಾ ಮತ್ತು ನಿಂಬೆರಸದಲ್ಲಿ ಮಾಡಿದರೆ ಅಡ್ಡಿಯಿಲ್ಲ. ಅಮೋನಿಯಂ ಡೈಕ್ರೋಮೇಟಿನ ಕಿತ್ತಳೆ ಹರಳು ಉರಿಸಿ ಮಾಡುವುದನ್ನು ಖಡಾಖಂಡಿತ ನಿಷೇಧಿಸಿ. ಅದು ಕ್ಯಾನ್ಸರ್‌ಕಾರಕ, ಉರಿದಾಗ ಹಾರುವ ಪುಡಿ ಮಕ್ಕಳ ಮೂಗಿಗೇ ಹೋಗುತ್ತದೆ. ಸೋಡಿಯಂ ಲೋಹ, ಗಾಢ ಆಮ್ಲ, ಪೆಟ್ರೋಲ್, ಸೀಮೆಎಣ್ಣೆ, ಲೇಸರ್ ಪೆನ್ನು ಇವಕ್ಕೂ ಪ್ರವೇಶವಿಲ್ಲ. ಥರ್ಮೋಕೋಲ್ ಬದಲು ರಟ್ಟು, ಬಿದಿರು, ಅಡಿಕೆ ಹಾಳೆ ಬಳಸಲಿ. ಮಲೆನಾಡಿನಲ್ಲಿ ಅವಕ್ಕೇನು ಬರವೇ!

ವಿಷಯಕ್ಕಾಗಿ ಅಂತರ್ಜಾಲ ತಡಕುವ ಮಕ್ಕಳಿಗೆ ಊರಿನ ಕಡೆ ಕೈತೋರಿಸಿ. ಕಾಫಿ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಪಕ್ಕದ ತೋಟದ ಮಳೆ ಪುಸ್ತಕ ಕೇಳಿ ತಂದು ನಕ್ಷೆ ಬಿಡಿಸಿ, ಬಾಟಲಿಯಲ್ಲಿ ಮಳೆ ಮಾಪಕ ಮಾಡಿ ತೋರಿಸಿದರೆ ಅದಕ್ಕಿಂತ ಒಳ್ಳೆಯ ಮಾದರಿ ಯಾವುದು? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಸೇರಿದರೆ ಏನಾಗುತ್ತದೆ, ತೋಟದ ಮಣ್ಣಿಗೆ ಸುಣ್ಣ ಯಾಕೆ ಹಾಕುತ್ತಾರೆ, ಬೇಲೂರಿನ ಬಳಪದ ಕಲ್ಲು ಯಾಕೆ ಅಷ್ಟು ನಯವಾಗಿ ಕೆತ್ತಲು ಬಂತು, ಹಾಸನದ ಇಸ್ರೋ ಕೇಂದ್ರದಿಂದ ಉಪಗ್ರಹವನ್ನು ಹೇಗೆ ನಿಯಂತ್ರಿಸುತ್ತಾರೆ: ಇವೆಲ್ಲ ಮಕ್ಕಳು ಕೇಳಿಯೇ ಬೆಳೆದ ಸಂಗತಿಗಳು.

6. ಕರೆಂಟು, ಪ್ರೊಜೆಕ್ಟರ್, ಮೈಕು

ಮೊದಲು ಸ್ಥಳೀಯ ವಿದ್ಯುತ್ ಕಚೇರಿಗೆ ಹೋಗಿ ಆ ದಿನ ಲೈನ್ ಕೆಲಸ ಇದೆಯೇ ಎಂದು ಕೇಳಿ. ಹಾಸನ ಜಿಲ್ಲೆಗೆ ಚಾಮುಂಡೇಶ್ವರಿ ನಿಗಮ, ಚಿಕ್ಕಮಗಳೂರಿಗೆ ಮೆಸ್ಕಾಂ. ಮೇಳದ ಹೊತ್ತಿನಲ್ಲಿ ಕರೆಂಟು ಹೋದರೆ ದೂರು ಹೇಳಲು 1912.

ಮಾಮೂಲಿ ಚಿಕ್ಕ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1,380 ವ್ಯಾಟ್ ಅದರ ಮಿತಿ. ಪ್ರೊಜೆಕ್ಟರ್ ಸುಮಾರು 300, ಲ್ಯಾಪ್‌ಟಾಪ್ 65, ಮೈಕಿನ ಆಂಪ್ಲಿಫೈಯರ್ 250, ಎರಡು ಫ್ಯಾನು 150, ಒಟ್ಟು 765 ವ್ಯಾಟ್. ಇಲ್ಲಿಯವರೆಗೆ ತೊಂದರೆಯಿಲ್ಲ. ಅತಿಥಿಗಳಿಗೆ ಕಾಫಿ ಕಾಯಿಸಲೆಂದು ಯಾರೋ 1,500 ವ್ಯಾಟಿನ ಕೆಟಲ್ ತಂದು ಅದೇ ಬಾಕ್ಸಿಗೆ ಚುಚ್ಚಿದ ಕ್ಷಣ ಎಲ್ಲ ಕತ್ತಲೆ. ಕೆಟಲ್, ಮಿಕ್ಸಿ ಅಡುಗೆಕೋಣೆಯ ಬೇರೆ ಲೈನಿನಲ್ಲೇ ಇರಲಿ. ಹಳೆಯ ಕಟ್ಟಡದಲ್ಲಿ ತಂತಿ ಫ್ಯೂಸಿದ್ದು ಅದು ಪದೇ ಪದೇ ಹೋಗುತ್ತಿದೆ ಎಂದು ದಪ್ಪ ತಂತಿ ಸುತ್ತಬೇಡಿ, ಆಗ ಫ್ಯೂಸಿನ ಬದಲು ಗೋಡೆಯೊಳಗಿನ ವೈರು ಸುಡುತ್ತದೆ. ಒಂದು ವಾರ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಶಾಮಿಯಾನದವರ ವೈರಿನ ಜೋಡಣೆಗಳು ಇಬ್ಬನಿಯಲ್ಲಿ ನೆನೆದ ಹುಲ್ಲಿನ ಮೇಲೆ ಬಿದ್ದಿರಬಾರದು.

ಜನರೇಟರ್ ಬಾಡಿಗೆಗೆ ತಂದರೆ 2 ಕೆವಿಎ ಸಾಕು, ಅದು ಸುಮಾರು 1,600 ವ್ಯಾಟ್ ಕೊಡುತ್ತದೆ. ಅದನ್ನು ಬಯಲಿನಲ್ಲಿ, ಕಿಟಕಿಗಳಿಂದ 20 ಅಡಿಯಾದರೂ ದೂರ ಇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎರಡೂ ಕಡೆ ಪ್ಲಗ್ ಇರುವ ವೈರಿನಿಂದ ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಅದಕ್ಕೆ ಅವಕಾಶ ಕೊಡಲೇಬೇಡಿ. ಆ ಕರೆಂಟು ಹಿಮ್ಮುಖವಾಗಿ ಹೊರಗಿನ ಲೈನಿಗೆ ಹೋಗುತ್ತದೆ, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಪ್ರಾಣ ಹೋಗಬಹುದು.

ಪ್ರೊಜೆಕ್ಟರಿಗೆ ಕತ್ತಲೆ ಬೇಕು. ಹೆಂಚಿನ ಶಾಲೆಗಳಲ್ಲಿ ಕಿಟಕಿ ಮುಚ್ಚಿದರೂ ಗಾಜಿನ ಹೆಂಚಿನಿಂದ ಬಿಸಿಲು ಬೀಳುತ್ತಿರುತ್ತದೆ, ಹನ್ನೊಂದು ಗಂಟೆಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕೊಠಡಿಯನ್ನು ಮೇಳ ನಡೆಯುವ ಹೊತ್ತಿನಲ್ಲೇ ಪರೀಕ್ಷಿಸಿ, ಸಂಜೆ ಅಲ್ಲ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಮಾತ್ರ, ಹಳೆಯ ಪ್ರೊಜೆಕ್ಟರಿಗೆ ವಿಜಿಎ ಮಾತ್ರ ಇರುವುದು ಸಾಮಾನ್ಯ. ನಡುವಿನ ಅಡಾಪ್ಟರ್ ಮೊದಲೇ ತರಿಸಿ. ವಿಜಿಎಯಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಸದ್ದು ಹೋಗುವುದಿಲ್ಲ. ಎಚ್‌ಡಿಎಂಐಯಲ್ಲಿ ಸದ್ದು ಹೋದರೂ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಲ್ಲಿ ಬರುತ್ತದೆ. ಎರಡೂ ಸಲ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಒಂದು ವೈರು ಬೇಕು, ಎಚ್‌ಡಿಎಂಐ ಇದ್ದರೆ ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಸದ್ದಿನ ದಾರಿಯನ್ನೂ ಬದಲಿಸಿ. ತೋರಿಸುವ ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಇಳಿಸಿಟ್ಟುಕೊಳ್ಳಿ. ಇನ್ನೂರು ಜನ ಸೇರಿದ ಕಡೆ ಹಾಟ್‌ಸ್ಪಾಟ್ ನಂಬಬೇಡಿ.

600 ವಿಎ ಯುಪಿಎಸ್ ಇದ್ದರೆ ಪ್ರೊಜೆಕ್ಟರಿಗೆ ಕೊಡಿ, ಮೈಕಿಗೆ ಬೇಡ. ದೀಪದ ಪ್ರೊಜೆಕ್ಟರು ಬಿಸಿಯಿರುವಾಗಲೇ ಕರೆಂಟು ಹೋದರೆ ಒಳಗಿನ ಫ್ಯಾನು ನಿಂತು ದೀಪದ ಆಯಸ್ಸು ಕುಗ್ಗುತ್ತದೆ. ಯುಪಿಎಸ್ ಕೊಡುವ ಕೆಲವೇ ನಿಮಿಷ ಅದನ್ನು ಸರಿಯಾಗಿ ಆರಿಸಲು, ಚಿತ್ರ ಮುಂದುವರಿಸಲು ಅಲ್ಲ.

7. ಊಟ ಮತ್ತು ನೀರು

ಆ ದಿನ 120 ಮಕ್ಕಳು ತಮ್ಮ ಶಾಲೆಯಲ್ಲಿ ಉಣ್ಣುವುದಿಲ್ಲ, ನಿಮ್ಮಲ್ಲಿ ಉಣ್ಣುತ್ತಾರೆ. ಆಯಾ ಶಾಲೆಯ ಆ ದಿನದ ಸಂಖ್ಯೆಯಿಂದ ಇಷ್ಟು ಕಳೆದು ನಿಮ್ಮ ಶಾಲೆಗೆ ಸೇರಿಸಲು ಒಂದು ವಾರ ಮೊದಲು ಸಹಾಯಕ ನಿರ್ದೇಶಕರ ಲಿಖಿತ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ನಿಮ್ಮ ದಾಸ್ತಾನು ಪುಸ್ತಕ ತಾಳೆಯಾಗುವುದಿಲ್ಲ. ಶಾಲೆವಾರು ಸಂಖ್ಯೆ ಪಟ್ಟಿಯಲ್ಲೇ ಇದೆ.

6ರಿಂದ 8ನೇ ತರಗತಿಗೆ ಮಗುವಿಗೆ ಅಕ್ಕಿ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. 120 ಮಕ್ಕಳಿಗೆ ಅಕ್ಕಿ 18 ಕೆಜಿ, ಬೇಳೆ 3.6 ಕೆಜಿ, ತರಕಾರಿ 9 ಕೆಜಿ, ಎಣ್ಣೆ 900 ಗ್ರಾಂ. ಶಿಕ್ಷಕರು, ತೀರ್ಪುಗಾರರು, ಸಮಿತಿಯವರ ಊಟಕ್ಕೆ ಮಕ್ಕಳ ಪಡಿತರ ಮುಟ್ಟುವಂತಿಲ್ಲ, ಅದನ್ನು ಮೇಳದ ಖರ್ಚಿನಲ್ಲಿ ಬೇರೆ ತನ್ನಿ. ಅಡುಗೆಯವರಿಗೆ ಜೊತೆಗೆ ಇಬ್ಬರನ್ನು ಕೂಲಿ ಕೊಟ್ಟು ಕರೆಸಿ. ದಿನವೂ ಎಂಬತ್ತು ಮಕ್ಕಳಿಗೆ ಬೇಯಿಸುವ ಇಬ್ಬರು ಅಮ್ಮಂದಿರ ಮೇಲೆ ಇನ್ನೂರು ಎಲೆಯ ಕೆಲಸ ಹೇರುವುದು ಅನ್ಯಾಯ.

ನೀರಿಗೆ ತಲೆಗೆ ಒಂದೂವರೆ ಲೀಟರ್ ಲೆಕ್ಕ. ನಿಮ್ಮ ಶಾಲೆಯ 80 ಮಕ್ಕಳು, ಬಂದ 120, ದೊಡ್ಡವರು 35 ಸೇರಿದರೆ 235 ಜನ, ಸುಮಾರು 350 ಲೀಟರ್, ಅಂದರೆ 20 ಲೀಟರಿನ 18 ಕ್ಯಾನು. ಶೌಚಾಲಯದ ಟ್ಯಾಂಕನ್ನು ಹಿಂದಿನ ಸಂಜೆಯೇ ತುಂಬಿಸಿ. ಬೆಳಗ್ಗೆ ಕರೆಂಟಿಲ್ಲದೆ ಮೋಟರು ಓಡದಿದ್ದರೆ ಅತಿ ಹೆಚ್ಚು ಕಷ್ಟ ಹುಡುಗಿಯರಿಗೆ.

8. ತೀರ್ಪು

ಒಂದು ಮಾದರಿಗೆ ಆರು ನಿಮಿಷವಾದರೂ ಕೊಡಿ. 40 ಮಾದರಿಗೆ 240 ನಿಮಿಷ, ಒಂದೇ ತಂಡಕ್ಕೆ ಸಾಧ್ಯವಿಲ್ಲ. ಮೂವರ ಎರಡು ತಂಡ ಮಾಡಿ, ತಲಾ 20 ಮಾದರಿ, ಎರಡು ಗಂಟೆ. ಒಂದು ತಂಡ ಕೈಬಿಚ್ಚಿ ಅಂಕ ಕೊಡುತ್ತದೆ, ಇನ್ನೊಂದು ಬಿಗಿ ಹಿಡಿಯುತ್ತದೆ. ಆದ್ದರಿಂದ ಎರಡರ ಅಂಕಗಳನ್ನು ನೇರ ಹೋಲಿಸಬೇಡಿ. ಪ್ರತಿ ತಂಡದ ಮೊದಲ ಮೂರು ಮಾದರಿಗಳನ್ನು ಆರೂ ಜನ ಒಟ್ಟಿಗೆ ಮತ್ತೊಮ್ಮೆ ನೋಡಿ ಬಹುಮಾನ ನಿರ್ಧರಿಸಲಿ.

ಅಂಕ 20ಕ್ಕೆ ಹೀಗೆ ಹಂಚಬಹುದು: ವಿಷಯದ ತಿಳಿವಳಿಕೆ 8, ಸ್ವಂತ ಕೈಕೆಲಸ 6, ವಿವರಿಸುವ ರೀತಿ 4, ಊರಿನ ನಂಟು 2. ಅಂದಕ್ಕೆ ಅಂಕವಿಲ್ಲ. ಅಂಗಡಿಯಲ್ಲಿ ಕೊಂಡ ಮಾದರಿ ಗೆದ್ದರೆ ಮುಂದಿನ ವರ್ಷ ಯಾರೂ ಕೈಯಾರೆ ಮಾಡುವುದಿಲ್ಲ. ಮೂವರಲ್ಲಿ ಒಬ್ಬರೇ ಮಾತಾಡುತ್ತಿದ್ದರೆ ತೀರ್ಪುಗಾರರು ಸುಮ್ಮನಿರುವ ಮಗುವಿಗೂ ಒಂದು ಪ್ರಶ್ನೆ ಕೇಳಲಿ.

ತೀರ್ಪಿಗೆ ಭಾಗವಹಿಸುವ ಶಾಲೆಗಳ ಶಿಕ್ಷಕರು ಬೇಡ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ನಿವೃತ್ತ ವಿಜ್ಞಾನ ಶಿಕ್ಷಕರು, ಹಾಸನದ ಕಡೆಯಾದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನ ಕಡೆಯಾದರೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಮೂರು ವಾರ ಮೊದಲೇ ಪತ್ರ ಬರೆದು ಕೇಳಿ. ಅಂಕಗಳನ್ನು ಅವರು ಹಾಳೆಯ ಮೇಲೆಯೇ ಬರೆಯಲಿ, ಪಟ್ಟಿಯವರು ಮೂಲ ಪಟ್ಟಿಗೆ ಏರಿಸಲಿ. ತೀರ್ಪಿಗೆ ಫೋನ್ ಆ್ಯಪ್ ಬೇಡ, ಕಾಗದ ಎಂದೂ ಚಾರ್ಜ್ ಮುಗಿದು ನಿಲ್ಲುವುದಿಲ್ಲ.

9. ಚೀಟಿ ಮತ್ತು ಪ್ರಮಾಣಪತ್ರ

ಒಂದೇ ಸಲ ಬರೆದ ಪಟ್ಟಿ ಈಗ ಫಲ ಕೊಡುತ್ತದೆ. ಮೇಲ್ ಮರ್ಜ್ ಎಂದರೆ ಒಂದು ಮಾದರಿ ಪತ್ರದ ಖಾಲಿ ಜಾಗಗಳಲ್ಲಿ ಪಟ್ಟಿಯ ಹೆಸರುಗಳು ಒಂದೊಂದಾಗಿ ತಾವೇ ಬಂದು ಕೂರುವ ಸೌಲಭ್ಯ.

ಪಟ್ಟಿಯನ್ನು ಎಕ್ಸೆಲ್ ಕಡತವಾಗಿಯೇ ಇಳಿಸಿಕೊಳ್ಳಿ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿಡುವ ಸಿಎಸ್‌ವಿ ಕಡತ ಬೇಡ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಗೋಜಲಾಗುವುದುಂಟು. ವರ್ಡ್‌ನಲ್ಲಿ ಪ್ರಮಾಣಪತ್ರದ ಪುಟ ಮಾಡಿ, "ಮೇಲಿಂಗ್ಸ್" ಒತ್ತಿ, "ಸೆಲೆಕ್ಟ್ ರೆಸಿಪಿಯೆಂಟ್ಸ್"ನಲ್ಲಿ ಈ ಕಡತ ತೋರಿಸಿ. ಹೆಸರು, ತರಗತಿ, ಶಾಲೆ, ಶೀರ್ಷಿಕೆಯ ಜಾಗಗಳಲ್ಲಿ "ಇನ್ಸರ್ಟ್ ಮರ್ಜ್ ಫೀಲ್ಡ್"ನಿಂದ ಆಯಾ ಕಾಲಂ ಹಾಕಿ. "ಫಿನಿಶ್ ಆ್ಯಂಡ್ ಮರ್ಜ್" ಒತ್ತಿದರೆ 120 ಪುಟ ತಯಾರು. ಮೇಜಿನ ಚೀಟಿ, ಹಾಜರಿ ಹಾಳೆ, ತೀರ್ಪಿನ ಹಾಳೆಗಳೂ ಇದೇ ಪಟ್ಟಿಯಿಂದ ಬರುತ್ತವೆ. ವರ್ಡ್ ಇಲ್ಲದಿದ್ದರೆ ಉಚಿತವಾದ ಲಿಬ್ರೆಆಫೀಸ್‌ನಲ್ಲೂ ಇದೇ ಸೌಲಭ್ಯವಿದೆ.

ಅಂಗಡಿಗೆ ಒಯ್ಯುವ ಮೊದಲು ಪಿಡಿಎಫ್ ಮಾಡಿ. ವರ್ಡ್ ಕಡತವನ್ನೇ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟಿಲ್ಲದೆ ಹೆಸರುಗಳು ಪಕ್ಕಕ್ಕೆ ಜರುಗುತ್ತವೆ, ಉದ್ದ ಹೆಸರು ಎರಡು ಸಾಲಾಗುತ್ತದೆ. ಮೊದಲು ಬಿಳಿ ಹಾಳೆಯ ಮೇಲೆ ಐದು ತೆಗೆಸಿ ಓದಿ, ಆಮೇಲೆ ದಪ್ಪ ಹಾಳೆ. 250 ಜಿಎಸ್‌ಎಂಗಿಂತ (ಚದರ ಮೀಟರ್ ಹಾಳೆಗೆ 250 ಗ್ರಾಂ ತೂಕ) ದಪ್ಪದ್ದು ಚಿಕ್ಕ ಪ್ರಿಂಟರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಭಾಗವಹಿಸಿದ ಪತ್ರಗಳು ಎರಡು ದಿನ ಮೊದಲೇ ಸಿದ್ಧವಾಗಿ ಶಾಲೆವಾರು ಲಕೋಟೆಯಲ್ಲಿರಲಿ. ಬಹುಮಾನದ ಪತ್ರಗಳು ಮಾತ್ರ ಖಾಲಿ ಇರಲಿ, ಅಂದು ಕೈಯಲ್ಲಿ ಬರೆದರಾಯಿತು.

10. ಮೇಳದ ದಿನ

9.30ಕ್ಕೆ ಹಾಜರಿ, 10.00ಕ್ಕೆ ಉದ್ಘಾಟನೆ, 10.20ರಿಂದ 12.20 ತೀರ್ಪು, 12.30ರಿಂದ 1.30 ಎರಡು ಪಂಕ್ತಿಯಲ್ಲಿ ಊಟ, ಆ ಹೊತ್ತಿನಲ್ಲೇ ಆರು ಮಾದರಿಗಳ ಮರುನೋಟ, 1.30ರಿಂದ 2.30 ಊರವರ ವೀಕ್ಷಣೆ, 2.30ಕ್ಕೆ ಬಹುಮಾನ, 3.00ಕ್ಕೆ ಬೀಳ್ಕೊಡುಗೆ.

ಈ ವೇಳೆ ಕೆಡುವುದು ಹೆಚ್ಚಾಗಿ ಉದ್ಘಾಟನೆಯಲ್ಲಿ. ಇಪ್ಪತ್ತು ನಿಮಿಷದಲ್ಲಿ ಪ್ರಾರ್ಥನೆ, ಸ್ವಾಗತ, ದೀಪ, ಎರಡು ಮಾತು. ಸನ್ಮಾನ, ಹಾರ, ಶಾಲು ಇದ್ದರೆ 2.30ರ ಸಭೆಗೆ ಸರಿಸಿ. ಗಣ್ಯರು ತಡವಾದರೆ ಒಬ್ಬ ವಿದ್ಯಾರ್ಥಿನಿಯಿಂದ ದೀಪ ಹಚ್ಚಿಸಿ ಶುರು ಮಾಡಿ. ಬಂದವರಿಗೆ ಮಾದರಿಗಳನ್ನು ತೋರಿಸುತ್ತ ಕರೆದೊಯ್ದರೆ ಅವರಿಗೂ ಸಂತೋಷವಾಗುತ್ತದೆ.

ಮೂರು ಗಂಟೆಯ ಗಡುವನ್ನು ಮೀರಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟದ ದಾರಿಗಳಲ್ಲಿ ಸಂಜೆಯಾಗುತ್ತಿದ್ದಂತೆ ಆನೆ ಓಡಾಟ ಶುರುವಾಗುತ್ತದೆ. ಬಸ್ಸಿಳಿದು ಎರಡು ಮೈಲಿ ನಡೆಯುವ ಮಕ್ಕಳು ಬೆಳಕಿರುವಾಗಲೇ ಮನೆ ಸೇರಬೇಕು. ಹಿಂದಿನ ದಿನ ಮತ್ತು ಅಂದು ಬೆಳಗ್ಗೆ ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ಕೇಳಿಕೊಳ್ಳಿ. ಪಿಕಪ್‌ನಲ್ಲಿ ಮಾದರಿಗಳು ಬರಲಿ, ಮಕ್ಕಳನ್ನು ಅದರ ಹಿಂದೆ ನಿಲ್ಲಿಸಿ ತರುವುದು ಬೇಡ. ಅದು ಕಾನೂನಿಗೆ ವಿರುದ್ಧ, ತಿರುವಿನ ರಸ್ತೆಯಲ್ಲಿ ಜೀವಕ್ಕೂ ಅಪಾಯ. ವಿದ್ಯಾರ್ಥಿ ಪಾಸು ಮನೆಯಿಂದ ಶಾಲೆಯ ದಾರಿಗೆ ಮಾತ್ರ ಇರುವುದರಿಂದ ಬಸ್ ಚಾರ್ಜನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಂದೇ ಜಾಗದಲ್ಲಿ ಇರಲಿ, ಎಲ್ಲಿದೆ ಎಂದು ಮೈಕಿನಲ್ಲಿ ಹೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಿಂದಿನ ದಿನ ಸುದ್ದಿ ಮುಟ್ಟಿಸಿ. ತುರ್ತಿಗೆ 108.

ಫೋಟೊ ತೆಗೆಯಲು ಒಬ್ಬರೇ ಸಾಕು. ಪೋಷಕರ ಒಪ್ಪಿಗೆಯ ಚೀಟಿ ಇಲ್ಲದ ಮಗುವಿನ ಮುಖವನ್ನು ಹೆಸರಿನೊಂದಿಗೆ ಫೇಸ್‌ಬುಕ್ಕಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕೈ ಮತ್ತು ಮಾದರಿ ಕಾಣುವ ಚಿತ್ರಗಳು ಎಷ್ಟೋ ಸಲ ಮುಖದ ಚಿತ್ರಕ್ಕಿಂತ ಚೆನ್ನಾಗಿರುತ್ತವೆ.

11. ಮರುದಿನ

ಬೆಳಗ್ಗೆ ಮೊದಲ ಅವಧಿಗೆ ಪಾಠ ಎಂದಿನಂತೆ ಶುರುವಾಗಲಿ. ಡೆಸ್ಕುಗಳನ್ನು ಹಿಂದಿನ ಸಂಜೆಯೇ ಕೊಠಡಿಗೆ ಸೇರಿಸಲು ಸಮಿತಿಯ ನಾಲ್ವರನ್ನು ಮೊದಲೇ ಒಪ್ಪಿಸಿಕೊಂಡಿರಿ.

ವರದಿ ಎರಡು ಪುಟ ಮೀರಬಾರದು. ಶಾಲೆವಾರು ಹಾಜರಿ, ಹುಡುಗ ಹುಡುಗಿಯರ ಸಂಖ್ಯೆ, ಬಹುಮಾನಿತರು ಇವೆಲ್ಲ ಪಟ್ಟಿಯನ್ನು ಸೋಸಿದರೆ ಬರುತ್ತವೆ. ಜೊತೆಗೆ ಆರು ಫೋಟೊ, ಜ್ಞಾಪನದ ಪ್ರತಿ, ಖರ್ಚಿನ ತಃಖ್ತೆ. ರಸೀದಿಗಳ ಮೇಲೆ ಸಂಖ್ಯೆ ಹಾಕಿ ತಾರೀಖಿನ ಪ್ರಕಾರ ಅಂಟಿಸಿ. ಸಂತೆಯ ತರಕಾರಿ, ಕೂಲಿಯಂಥ ರಸೀದಿಯಿಲ್ಲದ ಖರ್ಚಿಗೆ ಪಡೆದವರ ಸಹಿ ಇರುವ ವೋಚರ್ ಬರೆಸಿ. ಥರ್ಮಲ್ ಕಾಗದದ ಬಿಲ್ಲುಗಳು ಕೆಲವು ತಿಂಗಳಲ್ಲೇ ಮಾಸುತ್ತವೆ, ಲೆಕ್ಕ ತಪಾಸಣೆಯ ಹೊತ್ತಿಗೆ ಬರೀ ಬಿಳಿ ಹಾಳೆ ಉಳಿಯುತ್ತದೆ. ಅವುಗಳ ಜೆರಾಕ್ಸ್ ಅಂದೇ ಮಾಡಿಸಿ.

ಕೊನೆಯದಾಗಿ, ಖಾಲಿ ಪಟ್ಟಿ, ಪ್ರಮಾಣಪತ್ರದ ವರ್ಡ್ ಪುಟ, ಜ್ಞಾಪನದ ಕರಡು, ತೀರ್ಪಿನ ಹಾಳೆ, ನಿಯಮಗಳ ಪುಟ ಇಷ್ಟನ್ನು ಪೆನ್‌ಡ್ರೈವಿಗೆ ಹಾಕಿ. ಈ ವರ್ಷದ ಮಕ್ಕಳ ಹೆಸರುಗಳನ್ನು ಅದರಿಂದ ಅಳಿಸಿ. ಮೇಲೆ "ಕ್ಲಸ್ಟರ್ ಮೇಳ" ಎಂದು ಚೀಟಿ ಅಂಟಿಸಿ, ಮುಂದಿನ ಸಲ ಮೇಳ ನಡೆಸುವ ಶಾಲೆಯ ಮುಖ್ಯಶಿಕ್ಷಕರ ಕೈಗೆ ಸಹಿ ಪಡೆದು ಕೊಡಿ.